ತ್ಯಾಜ್ಯನೀರು ಬಿಡಲು ಅನುಮತಿ: ಕಡತ ಸಿಕ್ಕಿಕೊಳ್ಳುವುದೆಲ್ಲಿ?

ತ್ಯಾಜ್ಯನೀರನ್ನು ನದಿಗೋ ಹಳ್ಳಕ್ಕೋ ಒಳಚರಂಡಿಗೋ ಬಿಡಲು ಬೇಕಾದ ಅನುಮತಿಯ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೇಳಿದವರಲ್ಲಿ ಕಾರ್ಖಾನೆಯವರಿದ್ದಾರೆ, ಅರ್ಜಿ ಪರಿಶೀಲಿಸುವ ಕಚೇರಿಯವರಿದ್ದಾರೆ, ಹಳ್ಳದ ಕೆಳಭಾಗದಲ್ಲಿ ವಾಸಿಸುವವರೂ ಇದ್ದಾರೆ.

ಪ್ರಶ್ನೆ: ಅರ್ಜಿ ಹಾಕಿ ತಿಂಗಳುಗಳೇ ಕಳೆದವು. ಮೂರು ಸಲ ವಾಪಸ್ ಬಂತು, ಪ್ರತಿ ಸಲವೂ ಹೊಸ ಆಕ್ಷೇಪಣೆ. ಒಂದೇ ಸಲಕ್ಕೆ ಕೆಲಸ ಆಗುವಂತೆ ಅರ್ಜಿ ಸಿದ್ಧಪಡಿಸುವುದು ಹೇಗೆ?

ಉತ್ತರ: ಕಚೇರಿಯ ಗಡುವು ಸಾಮಾನ್ಯವಾಗಿ ಅರ್ಜಿ ಕೊಟ್ಟ ದಿನದಿಂದ ಓಡುವುದಿಲ್ಲ, ಅರ್ಜಿ ಪೂರ್ಣವಾದ ದಿನದಿಂದ ಓಡುತ್ತದೆ. ಭಾರತದ 1974ರ ಜಲ ಕಾಯ್ದೆಯ 25ನೇ ಕಲಮಿನ 7ನೇ ಉಪಕಲಮನ್ನೇ ನೋಡಿ. ನಾಲ್ಕು ತಿಂಗಳೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುತ್ತೇನೆ ಎಂದೋ ಕೊಡುವುದಿಲ್ಲ ಎಂದೋ ಹೇಳದಿದ್ದರೆ ಸಮ್ಮತಿ ಸಿಕ್ಕಂತೆಯೇ ಎಂದು ಅದು ಹೇಳುತ್ತದೆ. ಆದರೆ ಆ ನಾಲ್ಕು ತಿಂಗಳನ್ನು ಎಣಿಸುವುದು ‘ಎಲ್ಲ ರೀತಿಯಲ್ಲೂ ಪೂರ್ಣವಾದ’ ಅರ್ಜಿಯಿಂದ. ಒಂದು ಲಗತ್ತು ಕಡಿಮೆ ಇದ್ದರೂ ಎಣಿಕೆ ಶುರುವಾಗಿಲ್ಲ ಎಂದು ವಾದಿಸಲು ದಾರಿ ಇರುತ್ತದೆ. ಹಾಗಾಗಿ ಬೇಗ ಅರ್ಜಿ ಹಾಕುವುದಕ್ಕಿಂತ ಪೂರ್ಣ ಅರ್ಜಿ ಹಾಕುವುದರಲ್ಲೇ ಸಮಯ ಉಳಿಯುತ್ತದೆ.

ಅರ್ಜಿಗಳು ಹೆಚ್ಚಾಗಿ ಎಡವುವುದು ನೀರಿನ ಲೆಕ್ಕದಲ್ಲಿ. ಒಳಗೆ ಬಂದ ನೀರು ಎಷ್ಟು, ಎಲ್ಲೆಲ್ಲಿ ಹೋಯಿತು, ಹೊರಗೆ ಬಂದದ್ದೆಷ್ಟು ಎಂಬ ಒಂದು ಪುಟದ ಲೆಕ್ಕ ಅದು. ಪರಿಶೀಲಿಸುವವರು ಮೊದಲು ತೆರೆಯುವ ಪುಟವೂ ಅದೇ. ಒಂದು ಉದಾಹರಣೆ ತೆಗೆದುಕೊಳ್ಳೋಣ. ದಿನಕ್ಕೆ 120 ಘನ ಮೀಟರ್ ನೀರು ಬಳಸುವ ಘಟಕ. ಕೂಲಿಂಗ್ ಟವರಿಗೆ 32, ಬಾಯ್ಲರಿಗೆ 10, ತೊಳೆಯಲು 60, ಶೌಚಾಲಯ ಮತ್ತು ಕ್ಯಾಂಟೀನಿಗೆ 12, ಗಿಡಗಳಿಗೆ 6. ಒಟ್ಟು ಸರಿಯಾಗಿ 120.

ಈಗ ಹೊರಹೋಗುವ ಕಡೆ ನೋಡಿ. ತೊಳೆಯುವ 60ರಲ್ಲಿ 5 ಉತ್ಪನ್ನದ ಜೊತೆ ಹೋದರೆ ಉಳಿದ 55 ತ್ಯಾಜ್ಯನೀರು. ಶೌಚಾಲಯದ 12ರಲ್ಲಿ 10 ವಾಪಸ್ ಬರುತ್ತದೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ 65 ಎಂದು ಬರೆದುಬಿಡುತ್ತಾರೆ. ಕೂಲಿಂಗ್ ಟವರಿನಲ್ಲಿ 24 ಆವಿಯಾದರೆ ಉಳಿದ 8 ಬ್ಲೋಡೌನ್ ಆಗಿ, ಅಂದರೆ ಲವಣ ಹೆಚ್ಚಾಗದಂತೆ ಹೊರಬಿಡುವ ನೀರಾಗಿ, ಹೊರಗೆ ಬರಲೇಬೇಕು. ಬಾಯ್ಲರಿನಿಂದ ಇನ್ನೊಂದು ಘನ ಮೀಟರ್ ಬ್ಲೋಡೌನ್ ಬರುತ್ತದೆ. ಅಲ್ಲಿಗೆ ನಿಜವಾದ ಮೊತ್ತ 74. ಅರ್ಜಿಯಲ್ಲಿ 65, ಔಟ್‌ಲೆಟ್ ಮೀಟರಿನಲ್ಲಿ 74. ಪರಿಶೀಲಿಸುವವರಿಗೆ ಈ ಒಂಬತ್ತರ ವ್ಯತ್ಯಾಸ ಕಂಡ ಕೂಡಲೇ ಉಳಿದ ಅಂಕಿಗಳ ಮೇಲೂ ಅನುಮಾನ ಬರುತ್ತದೆ, ಕಡತ ವಾಪಸ್ಸಾಗುತ್ತದೆ.

ಬ್ಲೋಡೌನ್ ಎಷ್ಟೆಂದು ಊಹಿಸಬೇಕಾಗಿಲ್ಲ. ಆವಿಯಾದ ನೀರನ್ನು, ಸಾಂದ್ರತೆಯ ಆವರ್ತನದಿಂದ (ಟವರಿನ ನೀರು ಎಷ್ಟು ಪಟ್ಟು ಸಾಂದ್ರವಾಗಿದೆ ಎಂಬ ಸಂಖ್ಯೆ) ಒಂದು ಕಳೆದು ಬಂದ ಸಂಖ್ಯೆಯಿಂದ ಭಾಗಿಸಿ. ಆವರ್ತನ 4 ಆಗಿದ್ದರೆ 24ನ್ನು 3ರಿಂದ ಭಾಗಿಸಿದಾಗ 8 ಬರುತ್ತದೆ. ಆವರ್ತನ 4 ಎಂದರೆ ಆ ನೀರಿನಲ್ಲಿ ಕರಗಿದ ಲವಣವೂ ಸುಮಾರು ನಾಲ್ಕು ಪಟ್ಟು. ಟವರಿಗೆ ಹಾಕುವ ನೀರಿನ ಟಿಡಿಎಸ್ (ಕರಗಿದ ಒಟ್ಟು ಘನವಸ್ತು) ಲೀಟರಿಗೆ 500 ಮಿ.ಗ್ರಾಂ. ಇದ್ದರೆ ಬ್ಲೋಡೌನಿನಲ್ಲಿ 2000 ಮಿ.ಗ್ರಾಂ. ಗಾಳಿ ಊದಿ ಜೀವಾಣುಗಳಿಂದ ನೀರು ಶುದ್ಧ ಮಾಡಿಸುವ ಏರೇಷನ್ ಟ್ಯಾಂಕು ಈ ಲವಣವನ್ನು ತೆಗೆಯುವುದಿಲ್ಲ. ಇದನ್ನು ಬಿಟ್ಟು ಲೆಕ್ಕ ಹಾಕಿದವರ ಔಟ್‌ಲೆಟ್ ನೀರಿನಲ್ಲಿ ಟಿಡಿಎಸ್ ಏಕೆ ಏರಿತು ಎಂಬ ಪ್ರಶ್ನೆ ಆಮೇಲೆ ಬಂದೇ ಬರುತ್ತದೆ. ಸಾಫ್ಟ್‌ನರಿನ ಉಪ್ಪು ನೀರು, ಮರಳು ಫಿಲ್ಟರಿನ ಬ್ಯಾಕ್‌ವಾಶ್, ಆರ್‌ಒ ಘಟಕದ ರಿಜೆಕ್ಟ್ ಇವೂ ಹೀಗೆಯೇ ಲೆಕ್ಕದಿಂದ ಜಾರಿಹೋಗುವ ನೀರುಗಳು. ಇವುಗಳ ಹೆಸರು ಬರೆದು, ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಿರಿ. ಖಾಲಿ ಬಿಟ್ಟ ಜಾಗ ಎಂದರೆ ಒಂದು ಆಕ್ಷೇಪಣೆ.

ಎರಡನೆಯದು, ದಿನದ ಸರಾಸರಿಯೊಂದನ್ನೇ ಕೊಡುವುದು. ಮೇಲಿನ ಘಟಕದ 74 ಘನ ಮೀಟರನ್ನು 24 ಗಂಟೆಗೆ ಹಂಚಿದರೆ ಗಂಟೆಗೆ ಬರೀ 3.1. ಆದರೆ ತೊಳೆಯುವ 55 ಘನ ಮೀಟರ್ ಐದೇ ಗಂಟೆಯಲ್ಲಿ ಬಂದರೆ? ಆ ಐದು ಗಂಟೆಯಲ್ಲಿ ಉಳಿದ ನೀರೂ ಸೇರಿ ಸುಮಾರು 59 ಒಳಬರುತ್ತದೆ. ಸಂಸ್ಕರಣೆಗೆ ಮುಂದೆ ಹೋಗುವುದು ಸುಮಾರು 15. ಉಳಿದ 44 ಘನ ಮೀಟರ್ ಎಲ್ಲಿ ನಿಲ್ಲಬೇಕು? ಈಕ್ವಲೈಸೇಷನ್ ಟ್ಯಾಂಕಿನಲ್ಲಿ. ನಕ್ಷೆಯಲ್ಲಿ 20 ಘನ ಮೀಟರಿನ ಟ್ಯಾಂಕು ತೋರಿಸಿದ್ದರೆ, ಉಳಿದದ್ದು ತುಂಬಿ ಹರಿಯುತ್ತದೆ ಅಥವಾ ಬೈಪಾಸ್ ಆಗುತ್ತದೆ ಎಂದು ಗೊತ್ತಿರುವ ಯಾರಾದರೂ ಹೇಳುತ್ತಾರೆ. ಇಲ್ಲಿ 44 ಕನಿಷ್ಠ. ಪಂಪು ಮುಳುಗಿರಲು ಬೇಕಾದ ತಳದ ನೀರು ಮತ್ತು ಮೇಲಿನ ಖಾಲಿ ಜಾಗ ಸೇರಿಸಿದರೆ 50ರಿಂದ 55 ಬೇಕು. ಗಂಟೆವಾರು ಹರಿವಿನ ಒಂದು ಗ್ರಾಫ್ ಲಗತ್ತಿಸಿ. ಅದಿಲ್ಲದೆ ಟ್ಯಾಂಕಿನ ಗಾತ್ರ ಸರಿಯೋ ತಪ್ಪೋ ಎಂದು ಯಾರೂ ಹೇಳಲಾರರು.

ಮೂರನೆಯದು ನೀರು ಬಿಡುವ ಜಾಗದ ಅಕ್ಷಾಂಶ–ರೇಖಾಂಶ. ದಶಮಾಂಶದ ನಂತರ ಎರಡೇ ಅಂಕಿ ಕೊಟ್ಟರೆ ಒಂದು ಕಿಲೋಮೀಟರಿನಷ್ಟು ಅಸ್ಪಷ್ಟತೆ ಉಳಿಯುತ್ತದೆ. ನಾಲ್ಕು ಅಂಕಿ ಕೊಟ್ಟರೆ ಸುಮಾರು 11 ಮೀಟರಿಗೆ ಬರುತ್ತದೆ. ಎರಡೂ ಅಂಕಿ ಅದಲುಬದಲಾಗಿ ನೀರು ಬಿಡುವ ಜಾಗ ಸಮುದ್ರದ ನಡುವೆ ಬೀಳುವುದೂ ಉಂಟು. ಕೊಡುವ ಮುಂಚೆ ನಕ್ಷೆಯ ಮೇಲಿಟ್ಟು ನೋಡಿಕೊಳ್ಳಿ.

ಕೊನೆಗೆ ಸ್ಲಡ್ಜ್, ಅಂದರೆ ಸಂಸ್ಕರಣೆಯಲ್ಲಿ ಉಳಿಯುವ ಕೆಸರು. ನೀರಿನಿಂದ ತೆಗೆದದ್ದು ಎಲ್ಲಿಗಾದರೂ ಹೋಗಲೇಬೇಕಲ್ಲ. ದಿನಕ್ಕೆ ಎಷ್ಟು ಕಿಲೋ, ಎಷ್ಟು ಒಣಗಿದ್ದು, ಯಾರು ಒಯ್ಯುತ್ತಾರೆ ಎಂಬ ವಿವರವಿಲ್ಲದೆ ಬಂದ ಅರ್ಜಿ ಅರ್ಧ ಅರ್ಜಿ.

ಪ್ರಶ್ನೆ: ಸಲಹೆಗಾರರಿಗೆ ಒಪ್ಪಿಸಿಬಿಟ್ಟರೆ ಆಯಿತಲ್ಲವೇ?

ಉತ್ತರ: ಅರ್ಜಿ ಬರೆಯಲು ಒಪ್ಪಿಸಿ, ಅಳತೆಯನ್ನು ಒಪ್ಪಿಸಬೇಡಿ. ರಾತ್ರಿ ಪಾಳಿಯಲ್ಲಿ ವಾರಕ್ಕೊಮ್ಮೆ ಕಾಸ್ಟಿಕ್ ಹಾಕಿ ಟ್ಯಾಂಕು ತೊಳೆಯುವುದು ಹಗಲು ಬಂದು ಹೋಗುವವರಿಗೆ ಕಾಣುವುದಿಲ್ಲ. ಅದನ್ನು ಬಲ್ಲವರು ನಿಮ್ಮ ಆಪರೇಟರುಗಳು. ಅರ್ಜಿಗೆ ಸಹಿ ಹಾಕುವ ಮುಂಚೆ ಅವರ ಕೈಗೆ ಕೊಟ್ಟು ಓದಿಸಿ.

ಪ್ರಶ್ನೆ: ಲ್ಯಾಬ್ ವರದಿಯನ್ನು ‘ಪ್ರಾತಿನಿಧಿಕವಲ್ಲ’ ಎಂದು ತಿರಸ್ಕರಿಸಿದ್ದಾರೆ. ಮಾನ್ಯತೆ ಇರುವ ಲ್ಯಾಬೇ ಕೊಟ್ಟ ವರದಿ. ತಪ್ಪು ಎಲ್ಲಿ?

ಉತ್ತರ: ಲ್ಯಾಬ್ ತನಗೆ ಬಂದ ಬಾಟಲಿಯನ್ನು ಪರೀಕ್ಷಿಸುತ್ತದೆ. ಬಾಟಲಿಯಲ್ಲಿದ್ದ ನೀರು ನಿಮ್ಮ ಚರಂಡಿಯ ನೀರನ್ನು ಪ್ರತಿನಿಧಿಸುತ್ತಿತ್ತೇ ಎಂಬುದಕ್ಕೆ ಉತ್ತರ ಕೊಡಬೇಕಾದವರು ಮಾದರಿ ತೆಗೆದವರು.

ಬೆಳಿಗ್ಗೆ ಹನ್ನೊಂದಕ್ಕೆ ಒಂದು ಬಾಟಲಿ ತುಂಬಿಕೊಂಡರೆ ಅದು ಹನ್ನೊಂದು ಗಂಟೆಯ ನೀರು, ಅಷ್ಟೇ. ಬಿಒಡಿ (ಕೊಳೆಯನ್ನು ಜೀವಾಣುಗಳು ಒಡೆಯಲು ಬೇಕಾದ ಆಮ್ಲಜನಕ), ಸಿಒಡಿ (ರಾಸಾಯನಿಕವಾಗಿ ಒಡೆಯಲು ಬೇಕಾದ ಆಮ್ಲಜನಕ), ತೇಲುವ ಘನವಸ್ತು, ಲೋಹಗಳಿಗೆ 24 ಗಂಟೆಯ ಸಂಯುಕ್ತ ಮಾದರಿ ಬೇಕು. ಗಂಟೆಗೊಮ್ಮೆ ತೆಗೆದು, ಆ ಹೊತ್ತಿನ ಹರಿವಿಗೆ ತಕ್ಕ ಪ್ರಮಾಣದಲ್ಲಿ ಕೂಡಿಸಬೇಕು. ಹರಿವು ಗಂಟೆಗೆ 11 ಘನ ಮೀಟರ್ ಇದ್ದಾಗ 220 ಮಿ.ಲೀ. ತೆಗೆದುಕೊಂಡಿದ್ದರೆ, 1 ಘನ ಮೀಟರ್ ಇದ್ದಾಗ 20 ಮಿ.ಲೀ. ಮಾತ್ರ. ಎಲ್ಲ ಗಂಟೆಗೂ ಸಮ ಪ್ರಮಾಣ ಸೇರಿಸಿದರೆ ರಾತ್ರಿಯ ತಿಳಿನೀರಿಗೆ ಹೆಚ್ಚು ತೂಕ ಸಿಕ್ಕಿ ಫಲಿತಾಂಶ ಸುಳ್ಳಾಗಿ ಚೆನ್ನಾಗಿ ಕಾಣುತ್ತದೆ.

ಆದರೆ ಎಲ್ಲವನ್ನೂ ಹೀಗೆ ಕೂಡಿಸಬಾರದು. ಪಿಎಚ್ ಮತ್ತು ಉಳಿಕೆ ಕ್ಲೋರಿನನ್ನು ಅಲ್ಲೇ, ಹದಿನೈದು ನಿಮಿಷದೊಳಗೆ ಅಳೆಯಬೇಕು. ಎಣ್ಣೆ–ಜಿಡ್ಡಿಗೆ ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ನೇರವಾಗಿ ತುಂಬಬೇಕು. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದರೆ ಜಿಡ್ಡು ಪಾತ್ರೆಯ ಗೋಡೆಗೇ ಅಂಟಿ ಉಳಿಯುತ್ತದೆ. ಕೋಲಿಫಾರ್ಮ್ ಬ್ಯಾಕ್ಟೀರಿಯಾ ಪರೀಕ್ಷೆಗೆ ಕ್ರಿಮಿಶುದ್ಧ ಬಾಟಲಿ, ಕ್ಲೋರಿನ್ ಹಾಕಿದ ನೀರಾದರೆ ಅದರೊಳಗೆ ಸೋಡಿಯಂ ಥಯೋಸಲ್ಫೇಟ್ ಇರಬೇಕು; ಇಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತಲೇ ಹೋಗುತ್ತದೆ, ಲ್ಯಾಬಿನಲ್ಲಿ ಶೂನ್ಯ ಬರುತ್ತದೆ.

ಬಿಒಡಿ ಬಾಟಲಿಗೆ ಆಮ್ಲ ಹಾಕಬೇಡಿ. ಹೆಪ್ಪುಗಟ್ಟದಂತೆ 6 ಡಿಗ್ರಿ ಸೆಲ್ಸಿಯಸ್ ಒಳಗಿಟ್ಟು 48 ಗಂಟೆಯೊಳಗೆ ಪರೀಕ್ಷೆ ಶುರುವಾಗಬೇಕು. ಸಿಒಡಿ ಮತ್ತು ಅಮೋನಿಯಾಕ್ಕೆ ಸಲ್ಫ್ಯೂರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ತಂದು ತಂಪಾಗಿಟ್ಟರೆ 28 ದಿನ ಇಡಬಹುದು. ಲೋಹಗಳಿಗೆ ನೈಟ್ರಿಕ್ ಆಮ್ಲ. ಒಂದೇ ಕ್ಯಾನಿನಲ್ಲಿ ಐದು ಲೀಟರ್ ತುಂಬಿ ‘ಎಲ್ಲ ಪರೀಕ್ಷೆ ಮಾಡಿ’ ಎಂದು ಕೊಟ್ಟರೆ ಇವುಗಳಲ್ಲಿ ಕೆಲವಾದರೂ ಹಾಳಾಗುವುದು ಖಂಡಿತ. ವಾರಾಂತ್ಯಕ್ಕೆ ಮುಂಚಿನ ದಿನ ಮಾದರಿ ಕಳುಹಿಸಬೇಡಿ. ಲ್ಯಾಬ್ ಮುಚ್ಚಿದ್ದರೆ 48 ಗಂಟೆ ಅಲ್ಲೇ ಮುಗಿದುಹೋಗುತ್ತದೆ.

ವರದಿ ಕೈಗೆ ಬಂದ ಮೇಲೆ ಲಗತ್ತಿಸುವ ಮುಂಚೆ ನೀವೇ ಪರೀಕ್ಷಿಸಿ. ಬಿಒಡಿ ಎಂದೂ ಸಿಒಡಿಗಿಂತ ಹೆಚ್ಚಿರಬಾರದು. ಅಮೋನಿಯಾ ಸಾರಜನಕ ಒಟ್ಟು ಜೆಲ್ಡಾಲ್ ಸಾರಜನಕವನ್ನು (ಅಮೋನಿಯಾ ಮತ್ತು ಸಾವಯವ ಸಾರಜನಕ ಸೇರಿದ ಮೊತ್ತ) ಮೀರಬಾರದು. ಕರಗಿದ ಲೋಹ ಒಟ್ಟು ಲೋಹಕ್ಕಿಂತ ಹೆಚ್ಚಾಗಬಾರದು. ಟಿಡಿಎಸ್ ಅನ್ನು ವಿದ್ಯುತ್ ವಾಹಕತೆಯಿಂದ ಭಾಗಿಸಿದರೆ ಸಾಮಾನ್ಯವಾಗಿ 0.55ರಿಂದ 0.7ರ ಆಸುಪಾಸಿನಲ್ಲಿ ಬರಬೇಕು. ಇನ್ನೊಂದು ಸೂಕ್ಷ್ಮ: ಮಿತಿ 0.01 ಮಿ.ಗ್ರಾಂ. ಇರುವಾಗ ಲ್ಯಾಬ್ ‘0.05ಕ್ಕಿಂತ ಕಡಿಮೆ’ ಎಂದು ಕೊಟ್ಟರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಯಾವ ಮಟ್ಟದವರೆಗೆ ಅಳೆಯಬಲ್ಲಿರಿ ಎಂದು ಲ್ಯಾಬನ್ನು ಮೊದಲೇ ಕೇಳಿ.

ಪ್ರಶ್ನೆ: ನಮ್ಮಲ್ಲಿ ತೆರೆದ ಚರಂಡಿ, ಫ್ಲೋ ಮೀಟರ್ ಇಲ್ಲ. ಪಂಪಿನ ಸಾಮರ್ಥ್ಯವನ್ನು ಓಡಿದ ಗಂಟೆಯಿಂದ ಗುಣಿಸಿ ಕೊಟ್ಟರೆ ನಡೆಯುತ್ತದೆಯೇ?

ಉತ್ತರ: ಪಂಪಿನ ತಗಡಿನ ಮೇಲೆ ಬರೆದ ಸಾಮರ್ಥ್ಯ ಹೊಸ ಪಂಪಿನದು, ಅದೂ ಒಂದು ನಿರ್ದಿಷ್ಟ ಎತ್ತರಕ್ಕೆ. ಒಳಗೆ ತಿರುಗುವ ಇಂಪೆಲ್ಲರ್ ಸವೆದ ಮೇಲೆ ಆ ಅಂಕಿ ಉಪಯೋಗಕ್ಕೆ ಬಾರದು.

ತೆರೆದ ಚರಂಡಿಗೆ 90 ಡಿಗ್ರಿಯ ವಿ-ನಾಚ್ ತಗಡು (ಮೇಲಂಚಿನಲ್ಲಿ ವಿ ಆಕಾರಕ್ಕೆ ಕತ್ತರಿಸಿದ್ದು) ಕೂಡಿಸುವುದು ಸುಲಭ. ಮೂಲೆಯಿಂದ ಮೇಲೆ ನೀರು ನಿಂತ ಎತ್ತರವನ್ನು ಮೀಟರಿನಲ್ಲಿ ಅಳೆದು, ಅದರ 2.5ನೇ ಘಾತವನ್ನು 1.38ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂದು ಸಿಗುತ್ತದೆ. 100 ಮಿ.ಮೀ. ನಿಂತರೆ ಸೆಕೆಂಡಿಗೆ ಸುಮಾರು 4.4 ಲೀಟರ್. ಅದನ್ನೇ ತಪ್ಪಾಗಿ 105 ಎಂದು ಓದಿದರೆ 4.9 ಆಗುತ್ತದೆ. ಐದು ಮಿಲಿಮೀಟರಿನ ಕಣ್ತಪ್ಪು, ಹರಿವಿನಲ್ಲಿ ಶೇ 13ರ ತಪ್ಪು. ಆದ್ದರಿಂದ ಅಳತೆಪಟ್ಟಿಯ ಸೊನ್ನೆ ನಾಚಿನ ತಳದ ಮೂಲೆಗೆ ಸರಿಯಾಗಿ ಹೊಂದಿರಬೇಕು. ಪಟ್ಟಿಯನ್ನು ತಗಡಿನ ಮೇಲೆಯೇ ಅಂಟಿಸಬಾರದು. ಅಲ್ಲಿ ನೀರು ಆಗಲೇ ಇಳಿಜಾರಾಗಿರುತ್ತದೆ. ಗರಿಷ್ಠ ಎತ್ತರದ ನಾಲ್ಕು ಪಟ್ಟು ದೂರ ಹಿಂದಕ್ಕೆ ಇಡಿ. ತಗಡಿನ ಹಿಂದೆ ಕೆಸರು ತುಂಬಿದರೂ, ಮುಂದೆ ನೀರು ನಿಂತು ಧಾರೆ ಬಿಡಿಯಾಗಿ ಬೀಳದಿದ್ದರೂ ಸೂತ್ರ ಕೆಲಸ ಮಾಡುವುದಿಲ್ಲ.

ಎತ್ತರ 50–60 ಮಿ.ಮೀ.ಗಿಂತ ಕಡಿಮೆಯಾದರೆ ಧಾರೆ ತಗಡಿಗೇ ಅಂಟಿಕೊಂಡು ಇಳಿಯುತ್ತದೆ, ಲೆಕ್ಕ ನಂಬುವಂತಿಲ್ಲ. ಅಷ್ಟು ಸಣ್ಣ ಹರಿವಿಗೆ ಬಕೆಟ್ಟು–ಗಡಿಯಾರವೇ ಒಳ್ಳೆಯದು. 20 ಲೀಟರಿನ ಬಕೆಟ್ಟು 23 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 0.87 ಲೀಟರ್, ಅದೇ ವೇಗದಲ್ಲಿ ದಿನವಿಡೀ ಹರಿದರೆ 75 ಘನ ಮೀಟರ್. ಪ್ರತಿ ಗಂಟೆಯೂ ಮೂರು ಸಲ ತುಂಬಿಸಿ ಸರಾಸರಿ ಬರೆದಿಡಿ. ಪೈಪಿನಲ್ಲಿ ಎಲೆಕ್ಟ್ರೋಮ್ಯಾಗ್ನೆಟಿಕ್ ಮೀಟರ್ ಹಾಕುವುದಾದರೆ ಪೈಪು ಸದಾ ಪೂರ್ತಿ ತುಂಬಿರುವ ಜಾಗ ನೋಡಿ. ಮೀಟರಿನ ಮುಂಚೆ ಪೈಪಿನ ವ್ಯಾಸದ ಐದು ಪಟ್ಟು, ಆಮೇಲೆ ಎರಡು ಮೂರು ಪಟ್ಟು ನೇರ ಪೈಪು ಬಿಡುವುದು ವಾಡಿಕೆ, ತಯಾರಕರು ಹೆಚ್ಚು ಕೇಳಿದ್ದರೆ ಅಷ್ಟೇ ಬಿಡಿ.

ಪ್ರಶ್ನೆ: ನಮ್ಮದೇ ಉದ್ಯಮ, ಅಷ್ಟೇ ನೀರು. ಆದರೂ ಇನ್ನೊಂದು ಘಟಕಕ್ಕೆ ಅಮೋನಿಯಾ ಮಿತಿ ನಮಗಿಂತ ಎರಡು ಪಟ್ಟು ಸಡಿಲ. ಇದು ತಾರತಮ್ಯವಲ್ಲವೇ?

ಉತ್ತರ: ಇರಬಹುದು, ಇಲ್ಲದೆಯೂ ಇರಬಹುದು. ಲೆಕ್ಕ ಕೇಳಿ ನೋಡಿ. ಮಿತಿಗಳಿಗೆ ಎರಡು ಬುಡಗಳಿವೆ. ಒಂದು, ಆ ಉದ್ಯಮದ ತಂತ್ರಜ್ಞಾನಕ್ಕೆ ಸಾಧ್ಯವಿರುವ ಮಟ್ಟ. ಅದು ಎಲ್ಲರಿಗೂ ಒಂದೇ. ಇನ್ನೊಂದು, ನೀರು ಸೇರುವ ಹಳ್ಳ ತಾಳಿಕೊಳ್ಳಬಲ್ಲ ಮಟ್ಟ; ಅದು ಜಾಗದಿಂದ ಜಾಗಕ್ಕೆ ಬೇರೆ. ಎರಡರಲ್ಲಿ ಬಿಗಿಯಾದದ್ದು ಅನ್ವಯವಾಗುತ್ತದೆ.

ಲೆಕ್ಕ ಹೀಗೆ. ಹಳ್ಳದ ಬೇಸಿಗೆ ಹರಿವು ಸೆಕೆಂಡಿಗೆ 50 ಲೀಟರ್, ಮೇಲಿನಿಂದ ಬರುವಾಗಲೇ ಅದರಲ್ಲಿ ಅಮೋನಿಯಾ 0.2 ಮಿ.ಗ್ರಾಂ. ಘಟಕದ ನೀರು 5 ಲೀಟರ್. ಬೆರೆತ ಮೇಲೆ 0.5 ದಾಟಬಾರದು ಎಂದಿಟ್ಟುಕೊಳ್ಳಿ. 55ನ್ನು 0.5ರಿಂದ ಗುಣಿಸಿದರೆ 27.5, ಅದರಿಂದ ಹಳ್ಳವೇ ತರುವ 10 ಕಳೆದರೆ 17.5, ಐದರಿಂದ ಭಾಗಿಸಿದರೆ 3.5. ಆ ಘಟಕದ ಮಿತಿ ಲೀಟರಿಗೆ 3.5 ಮಿ.ಗ್ರಾಂ. ನಿಮ್ಮ ಕಡೆಯ ಹಳ್ಳದಲ್ಲಿ ಬೇಸಿಗೆ ಹರಿವು 20 ಲೀಟರ್ ಮಾತ್ರ ಇದ್ದರೆ ಇದೇ ಲೆಕ್ಕ 1.7ಕ್ಕೆ ಬಂದು ನಿಲ್ಲುತ್ತದೆ. ಮೇಲಿನಿಂದ ಬರುವ ನೀರೇ 0.5 ಇದ್ದರೆ ನಿಮ್ಮ ಮಿತಿಯೂ 0.5, ಹಳ್ಳದಲ್ಲಿ ಇನ್ನು ಜಾಗವಿಲ್ಲ ಎಂದರ್ಥ.

ಮಳೆಗಾಲದ ಹರಿವು ಹಿಡಿದು ಲೆಕ್ಕ ಹಾಕಿ ಎಂದು ಕೇಳುವವರಿದ್ದಾರೆ. ಅದಕ್ಕೆ ಒಪ್ಪಬಾರದು. ಮೀನು ಸಾಯುವುದು ಹೆಚ್ಚಾಗಿ ಬತ್ತಿದ ಹಳ್ಳದಲ್ಲಿ. ಪಿಎಚ್ ಮತ್ತು ಉಷ್ಣತೆ ಏರಿದಷ್ಟೂ ಅಮೋನಿಯಾದ ವಿಷವೂ ಏರುತ್ತದೆ. ಅದಕ್ಕೇ ಸತತ 7 ದಿನಗಳ ಸರಾಸರಿ ಹರಿವಿನಲ್ಲಿ ಹತ್ತು ವರ್ಷಕ್ಕೊಮ್ಮೆ ಮಾತ್ರ ಬರುವಷ್ಟು ಕನಿಷ್ಠವನ್ನು ಆಧಾರವಾಗಿಡುವ ರೂಢಿ ಹಲವೆಡೆ ಇದೆ. ನೀವು ಮಾಡಬಹುದಾದ ಕೆಲಸ ಬೇರೆ ಇದೆ: ಮೇಲ್ಭಾಗದ ಹಳ್ಳದ ನೀರನ್ನು ವರ್ಷದ ಎಲ್ಲ ಕಾಲದಲ್ಲೂ ಪರೀಕ್ಷಿಸಿ ಅಂಕಿ ಕೊಡಿ. ಅಂಕಿ ಇಲ್ಲದಿದ್ದರೆ ಕಚೇರಿ ಎಚ್ಚರಿಕೆಯ ಊಹೆಗೆ ಹೋಗುತ್ತದೆ, ಅದು ಬಿಗಿಯಾಗಿಯೇ ಇರುತ್ತದೆ.

ಪ್ರಶ್ನೆ: ನಾನು ಅರ್ಜಿ ಪರಿಶೀಲಿಸುವ ವಿಭಾಗದಲ್ಲಿದ್ದೇನೆ. ಸಿಬ್ಬಂದಿ ಕಡಿಮೆ, ಬಾಕಿ ಕಡತ ಹೆಚ್ಚು. ಗುಣಮಟ್ಟ ಬಿಡದೆ ವೇಗ ಹೆಚ್ಚಿಸಲು ಏನು ಮಾಡಬಹುದು?

ಉತ್ತರ: ಈ ಪ್ರಶ್ನೆ ಬಂದದ್ದಕ್ಕೆ ನಿಜಕ್ಕೂ ಸಂತೋಷ. ವಿಳಂಬದ ನಷ್ಟ ಅರ್ಜಿದಾರರಿಗೆ ಮಾತ್ರ ಎಂದು ಎಲ್ಲರೂ ತಿಳಿದಿದ್ದಾರೆ. ಅಮೆರಿಕದ 1972ರ ಶುದ್ಧ ನೀರು ಕಾಯ್ದೆಯಡಿ ಅನುಮತಿ ಐದು ವರ್ಷ ಮೀರುವಂತಿಲ್ಲ. ಆದರೆ ಸಕಾಲದಲ್ಲಿ ನವೀಕರಣಕ್ಕೆ ಅರ್ಜಿ ಹಾಕಿದವರು, ಕಚೇರಿ ತೀರ್ಮಾನಿಸುವವರೆಗೆ ಹಳೆಯ ಷರತ್ತಿನ ಮೇಲೆಯೇ ಮುಂದುವರಿಯಬಹುದು. ಅಂದರೆ ಕಡತ ಕೂತಷ್ಟು ದಿನ ಹಳೆಯ ಸಡಿಲ ಮಿತಿಯೇ ನದಿಯ ಪಾಲಿಗೆ. ಬಾಕಿ ಕರಗಿಸುವುದೂ ನದಿ ಕಾಯುವ ಕೆಲಸವೇ.

ಮೊದಲು ಪೂರ್ಣತೆಯ ತಪಾಸಣೆಯನ್ನೂ ತಾಂತ್ರಿಕ ಪರಿಶೀಲನೆಯನ್ನೂ ಬೇರೆ ಮಾಡಿ. ಅರ್ಜಿ ಬಂದ ಕೆಲವೇ ದಿನಗಳಲ್ಲಿ ಒಬ್ಬರು ಪಟ್ಟಿ ಹಿಡಿದು ನೋಡಲಿ: ನೀರಿನ ಲೆಕ್ಕ ಕೂಡುತ್ತದೆಯೇ, ನಕ್ಷೆ ಇದೆಯೇ, ಮಾದರಿಯ ದಿನಾಂಕ ಮತ್ತು ಹೊತ್ತು ಇದೆಯೇ. ಕೊರತೆ ಇದ್ದರೆ ಎಲ್ಲವನ್ನೂ ಒಂದೇ ಪತ್ರದಲ್ಲಿ ಬರೆಯಿರಿ. ಮೊದಲ ಪ್ರಶ್ನೆ ಕೇಳಿದವರ ಸಂಕಟ ನೋಡಿ. ಕಂತಿನಲ್ಲಿ ಬರುವ ಆಕ್ಷೇಪಣೆ ತಿಂಗಳುಗಳನ್ನು ತಿನ್ನುತ್ತದೆ. ‘ಮಾಹಿತಿ ಅಪೂರ್ಣ’ ಎಂದು ಬರೆಯಬೇಡಿ. ‘ಪುಟ 14ರಲ್ಲಿ ಕೂಲಿಂಗ್ ಟವರಿನ ಬ್ಲೋಡೌನ್ ಕಾಣುವುದಿಲ್ಲ, ಆವರ್ತನ ಮತ್ತು ದಿನದ ಪ್ರಮಾಣ ಕೊಡಿ’ ಎಂದು ಬರೆಯಿರಿ. ಏನು ಕೊಟ್ಟರೆ ಸಾಕು ಎಂದು ಗೊತ್ತಾದರೆ ಅದೇ ಬರುತ್ತದೆ.

ಆನ್‌ಲೈನ್ ಅರ್ಜಿ ಇದ್ದರೆ ಈ ಕೆಲಸದ ಒಂದು ಪಾಲನ್ನು ಯಂತ್ರಕ್ಕೆ ಬಿಡಿ. ಬಳಸಿದ ನೀರಿಗಿಂತ ತ್ಯಾಜ್ಯನೀರು ಹೆಚ್ಚಿದ್ದರೆ, ಬಿಒಡಿ ಸಿಒಡಿಯನ್ನು ಮೀರಿದರೆ, ಅಕ್ಷಾಂಶ–ರೇಖಾಂಶ ಜಿಲ್ಲೆಯ ಗಡಿ ಬಿಟ್ಟು ಬಿದ್ದರೆ ಅರ್ಜಿ ಮುಂದೆ ಹೋಗದಿರಲಿ. ಬರೀ ಕಾಗದದ ಅರ್ಜಿಯನ್ನು ಸ್ಕ್ಯಾನ್ ಮಾಡಿ ಏರಿಸುವುದು ಆನ್‌ಲೈನ್ ಅಲ್ಲ. ಅಂಕಿಗಳು ಅಂಕಿಗಳಾಗಿಯೇ ಬರಬೇಕು. ಹಾಗೆ ಬಂದರೆ ಮುಂದಿನ ನವೀಕರಣದಲ್ಲಿ ಹಳೆಯ ಅಂಕಿಯ ಜೊತೆ ಹೋಲಿಸಲೂ ಬರುತ್ತದೆ.

ಆಮೇಲೆ ಕಡತಗಳನ್ನು ಬಂದ ಕ್ರಮದಲ್ಲಲ್ಲ, ಅಪಾಯದ ಕ್ರಮದಲ್ಲಿ ವಿಂಗಡಿಸಿ. ಪ್ರಮಾಣ ಎಷ್ಟು, ವಿಷವಸ್ತು ಇದೆಯೇ, ಹಳ್ಳದ ಕನಿಷ್ಠ ಹರಿವು ಎಷ್ಟು, ಕೆಳಗೆ ಕುಡಿಯುವ ನೀರು ಎತ್ತುವ ಜಾಗ ಇದೆಯೇ. ಈ ನಾಲ್ಕರ ಮೇಲೆ ಅಂಕ ಕೊಟ್ಟರೆ ಹಿರಿಯ ಎಂಜಿನಿಯರರ ಸಮಯ ಎಲ್ಲಿಗೆ ಹೋಗಬೇಕು ಎಂದು ತಾನಾಗಿ ಕಾಣುತ್ತದೆ. ಒಂದೇ ತರಹದ, ಕಡಿಮೆ ಅಪಾಯದ ಘಟಕಗಳಿಗೆ ಸಾಮಾನ್ಯ ಅನುಮತಿ ಒಳ್ಳೆಯ ದಾರಿ. ಷರತ್ತುಗಳನ್ನು ಒಮ್ಮೆ ಬರೆದು, ಸಾರ್ವಜನಿಕರ ಮುಂದಿಟ್ಟು ಅಂತಿಮಗೊಳಿಸುವುದು. ನಂತರ ಅದರಡಿ ಬರುವವರು ಸೂಚನಾಪತ್ರ ಸಲ್ಲಿಸಿದರೆ ಸಾಕು. ಅಮೆರಿಕದಲ್ಲಿ ಕಟ್ಟಡ ನಿರ್ಮಾಣದ ಜಾಗಗಳ ಮಳೆನೀರಿಗೆ ಹೀಗೆಯೇ ನಡೆಯುತ್ತದೆ. ಭಾರತದಲ್ಲಿ ಬಿಳಿ ವರ್ಗದ, ಅಂದರೆ ಮಾಲಿನ್ಯ ತೀರಾ ಕಡಿಮೆ ಇರುವ, ಉದ್ಯಮಗಳಿಗೆ ಸಮ್ಮತಿಯ ಅಗತ್ಯವನ್ನೇ ತೆಗೆದಿರುವುದರ ಹಿಂದಿನ ಯೋಚನೆಯೂ ಇದೇ ಜಾತಿಯದು.

ಅಚ್ಚಿನ ಷರತ್ತುಗಳನ್ನು ಎಲ್ಲಿ ಬಳಸಬಾರದು ಎಂಬುದು ಅಷ್ಟೇ ಮುಖ್ಯ. ದಾಖಲೆ ಇಡುವುದು, ಮೀಟರ್ ಮಾಪನಾಂಕ ಸರಿಪಡಿಸುವುದು, ಅವಘಡವಾದರೆ ತಿಳಿಸುವುದು ಇವೆಲ್ಲ ಸಿದ್ಧ ವಾಕ್ಯಗಳಾಗಿರಲಿ. ಹಳ್ಳದ ಲೆಕ್ಕ ಮಾತ್ರ ಪ್ರತಿ ಕಡತಕ್ಕೂ ಹೊಸದಾಗಿ ಆಗಬೇಕು. ಪಕ್ಕದ ಘಟಕದ ಮಿತಿಯನ್ನು ನಕಲು ಮಾಡಿ ಅಂಟಿಸಿದ ಅನುಮತಿ ಮೇಲ್ಮನವಿಯಲ್ಲಿ ನಿಲ್ಲುವುದಿಲ್ಲ, ನಿಲ್ಲಲೂಬಾರದು.

ದೊಡ್ಡ ಅರ್ಜಿಗಳಿಗೆ ಅರ್ಜಿಗೆ ಮುಂಚಿನ ಸಭೆ ಇಡಿ. ಯಾವ ಮಾದರಿ, ಎಷ್ಟು ಸಲ, ಯಾವ ಹರಿವು ಎಂದು ಅಲ್ಲೇ ತೀರ್ಮಾನಿಸಿ ಒಂದು ಪುಟದ ಟಿಪ್ಪಣಿ ಇಬ್ಬರೂ ಇಟ್ಟುಕೊಳ್ಳಿ. ನಡುವೆ ಅಧಿಕಾರಿ ವರ್ಗವಾದರೂ ಮಾತು ಬದಲಾಗಬಾರದು. ಜೊತೆಗೆ ಕಡತದ ದಿನಗಳನ್ನು ಎರಡು ಖಾನೆಯಲ್ಲಿ ಎಣಿಸಿ: ನಮ್ಮ ಬಳಿ ಇದ್ದ ದಿನ, ಅರ್ಜಿದಾರರ ಬಳಿ ಇದ್ದ ದಿನ. ಕೂಡಿಸಿ ಹೇಳಿದರೆ ಯಾರ ಮೇಜಿನ ಮೇಲೆ ತಡವಾಗುತ್ತಿದೆ ಎಂದು ಎಂದಿಗೂ ತಿಳಿಯದು. ಅವಧಿ ಮುಗಿಯುವ ದಿನಾಂಕಗಳನ್ನೂ ವರ್ಷದುದ್ದಕ್ಕೆ ಹರಡಿ. ಎಲ್ಲವೂ ಒಂದೇ ತಿಂಗಳಿಗೆ ಮುಗಿಯುವಂತಿಟ್ಟರೆ ಆ ತಿಂಗಳು ಯಾವ ಕಚೇರಿಯೂ ತಡೆದುಕೊಳ್ಳದು.

ಪ್ರಶ್ನೆ: ಘಟಕ ಕಟ್ಟಿ ಮುಗಿಸಿ, ಉತ್ಪಾದನೆ ಶುರುವಾದ ಮೇಲೆ ಅರ್ಜಿ ಹಾಕಬಹುದೇ?

ಉತ್ತರ: ಬೇಡ. ಕಾನೂನಿನ ತೊಂದರೆ ಹಾಗಿರಲಿ, ತಾಂತ್ರಿಕವಾಗಿಯೂ ಕಷ್ಟ. ಏರೇಷನ್ ಟ್ಯಾಂಕಿನಲ್ಲಿ ಜೀವಾಣುಗಳು ಬೆಳೆದು ಸಾಮಾನ್ಯ ಮಟ್ಟವಾದ ಲೀಟರಿಗೆ 2000ರಿಂದ 4000 ಮಿ.ಗ್ರಾಂ. ತಲುಪಲು ವಾರಗಳು ಬೇಕು. ನಡೆಯುತ್ತಿರುವ ಘಟಕದಿಂದ ಸ್ಲಡ್ಜ್ ತಂದು ಹಾಕಿ, ನೀರಿನ ಭಾರವನ್ನು ಹಂತಹಂತವಾಗಿ ಏರಿಸಬೇಕು. ಆ ವಾರಗಳ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅರ್ಜಿಯಲ್ಲೇ ಬರೆದಿರಬೇಕು.

ಪ್ರಶ್ನೆ: ನಾವು ನದಿಗೆ ಬಿಡುವುದಿಲ್ಲ, ಊರಿನ ಒಳಚರಂಡಿಗೆ ಬಿಡುತ್ತೇವೆ. ನಮಗೂ ಇದೆಲ್ಲ ಬೇಕೇ?

ಉತ್ತರ: ಒಳಚರಂಡಿ ನಡೆಸುವವರ ಒಪ್ಪಿಗೆ ಬೇಕೇ ಬೇಕು, ನಿಯಂತ್ರಣ ಕಚೇರಿಯ ಅನುಮತಿಯೂ ಹಲವೆಡೆ ಬೇಕು. ಒಳಚರಂಡಿಯ ಕೊನೆಯಲ್ಲಿರುವ ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಣಾ ಘಟಕ) ಮನೆಗಳ ಕೊಳಚೆಗೆಂದು ಕಟ್ಟಿದ್ದು. ನಿಮ್ಮ ಲೋಹವನ್ನು ಅದು ತೆಗೆಯುವುದಿಲ್ಲ. ಒಂದೋ ನದಿಗೆ ಹೋಗುತ್ತದೆ, ಇಲ್ಲವೇ ಸ್ಲಡ್ಜಿನಲ್ಲಿ ಕೂತು ಅದನ್ನು ಹೊಲಕ್ಕೆ ಹಾಕಲಾಗದಂತೆ ಮಾಡುತ್ತದೆ. ಅಮೆರಿಕದ ಪೂರ್ವಸಂಸ್ಕರಣೆ ನಿಯಮಗಳಲ್ಲಿರುವ ಕೆಲವು ನಿಷೇಧಗಳು ಎಲ್ಲರಿಗೂ ಒಳ್ಳೆಯ ಅಳತೆಗೋಲು: ಪಿಎಚ್ 5ಕ್ಕಿಂತ ಕೆಳಗಿನ ನೀರು ಬೇಡ, ಅದು ಕಾಂಕ್ರೀಟನ್ನೂ ಕಬ್ಬಿಣವನ್ನೂ ತಿನ್ನುತ್ತದೆ, 60 ಡಿಗ್ರಿಗಿಂತ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳುವ ದ್ರವ ಬೇಡ, ಸಂಸ್ಕರಣಾ ಘಟಕಕ್ಕೆ ತಲುಪುವಾಗ ನೀರನ್ನು 40 ಡಿಗ್ರಿ ಮೀರಿಸುವಷ್ಟು ಬಿಸಿ ಬೇಡ. ದೊಡ್ಡ ಟ್ಯಾಂಕನ್ನು ಒಮ್ಮೆಗೇ ಖಾಲಿ ಮಾಡುವುದಾದರೆ ಒಳಚರಂಡಿಯವರಿಗೆ ಮೊದಲೇ ತಿಳಿಸುವ ಏರ್ಪಾಟು ಒಪ್ಪಂದದಲ್ಲಿರಲಿ.

ಪ್ರಶ್ನೆ: ನವೀಕರಣಕ್ಕೆ ಯಾವಾಗ ಶುರು ಮಾಡಬೇಕು?

ಉತ್ತರ: ಅಮೆರಿಕದಲ್ಲಿ ಅವಧಿ ಮುಗಿಯುವ 180 ದಿನ ಮುಂಚೆ ಅರ್ಜಿ ಹಾಕಬೇಕು. ನಿಮ್ಮಲ್ಲಿ ಗಡುವು ಬೇರೆ ಇರಬಹುದು, ಆದರೆ ಮಾದರಿ ತೆಗೆಯುವ ಕೆಲಸ ಒಂದು ವರ್ಷ ಮುಂಚೆ ಶುರುವಾದರೆ ಎಲ್ಲ ಕಾಲದ ಅಂಕಿಯೂ ಕೈಯಲ್ಲಿರುತ್ತದೆ. ಉತ್ಪಾದನೆ ಹೆಚ್ಚಿಸಿದ್ದರೆ, ಹೊಸ ರಾಸಾಯನಿಕ ತಂದಿದ್ದರೆ ನವೀಕರಣಕ್ಕೆ ಕಾಯದೆ ಈಗಲೇ ತಿಳಿಸಿ.

ಪ್ರಶ್ನೆ: ‘ಪ್ರಕ್ರಿಯೆ ಸರಳೀಕರಣ’ ಎಂದರೆ ಕಾರ್ಖಾನೆಯವರಿಗೆ ಬಾಗಿಲು ತೆರೆದಂತೆ ಅಲ್ಲವೇ? ಹಳ್ಳದ ಕೆಳಗಿರುವ ನಮ್ಮಂಥವರು ಏನನ್ನು ನೋಡಬೇಕು?

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ. ಸರಳೀಕರಣದ ಹೆಸರಿನಲ್ಲಿ ಪರೀಕ್ಷೆಯ ಸಂಖ್ಯೆ, ಸಾರ್ವಜನಿಕರ ಅವಧಿ ಅಥವಾ ಮಿತಿ ಕಡಿಮೆಯಾದರೆ ಅದನ್ನು ವಿರೋಧಿಸಲೇಬೇಕು. ಕಡತದ ಓಡಾಟ ಕಡಿಮೆಯಾದರೆ ನಿಮಗೂ ಲಾಭ.

ಕರಡು ಅನುಮತಿ ಕೈಗೆ ಬಂದಾಗ ಮಿತಿ ಎರಡು ರೀತಿಯಲ್ಲಿ ಬರೆದಿದೆಯೇ ನೋಡಿ: ಲೀಟರಿಗೆ ಎಷ್ಟು ಮಿ.ಗ್ರಾಂ., ದಿನಕ್ಕೆ ಎಷ್ಟು ಕಿಲೋ. ಮೊದಲನೆಯದು ಮಾತ್ರ ಇದ್ದರೆ ನೀರು ಬೆರೆಸಿ ತಪ್ಪಿಸಿಕೊಳ್ಳಬಹುದು. 74 ಘನ ಮೀಟರ್ ನೀರಿನಲ್ಲಿ ಬಿಒಡಿ 45 ಇದ್ದರೆ ದಿನಕ್ಕೆ 3.33 ಕಿಲೋ. ಅದಕ್ಕೆ 37 ಘನ ಮೀಟರ್ ಬೋರ್‌ವೆಲ್ ನೀರು ಬೆರೆಸಿದರೆ 111 ಘನ ಮೀಟರಿನಲ್ಲಿ ಬಿಒಡಿ 30 ಆಗುತ್ತದೆ, 30ರ ಮಿತಿಗೆ ಸರಿಹೊಂದುತ್ತದೆ. ಹಳ್ಳಕ್ಕೆ ಬಿದ್ದದ್ದು ಅದೇ 3.33 ಕಿಲೋ. ದಿನಕ್ಕೆ 2.22 ಕಿಲೋ ಎಂಬ ಎರಡನೇ ಮಿತಿ ಇದ್ದಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ.

ಮಾದರಿ ತೆಗೆಯುವ ಜಾಗ ಎಲ್ಲಿ ಎಂದೂ ನೋಡಿ. ಅದು ಬೇರೆ ಯಾವ ನೀರೂ ಸೇರುವ ಮುಂಚೆ ಇರಬೇಕು. ಬೈಪಾಸ್ ಪೈಪು ನಕ್ಷೆಯಲ್ಲಿದ್ದರೆ ಅದಕ್ಕೆ ಸೀಲು ಮತ್ತು ದಾಖಲೆಯ ಷರತ್ತು ಇದೆಯೇ ಕೇಳಿ.

ಆಕ್ಷೇಪಣೆ ಬರೆಯುವಾಗ ‘ಮಾಲಿನ್ಯವಾಗುತ್ತದೆ’ ಎಂಬ ಒಂದು ಸಾಲಿಗೆ ಉತ್ತರ ಕೊಡುವುದು ಸುಲಭ. ನೀರು ಬಿಡುವ ಜಾಗದಿಂದ ಎಷ್ಟು ದೂರದಲ್ಲಿ ಯಾವ ಬಾವಿ, ಯಾವ ಪಂಪು, ದನ ನೀರು ಕುಡಿಯುವ ಯಾವ ಜಾಗ ಇದೆ, ಬೇಸಿಗೆಯ ಯಾವ ತಿಂಗಳು ಹಳ್ಳ ನಿಲ್ಲುತ್ತದೆ ಎಂದು ಫೋಟೊ, ದಿನಾಂಕದ ಜೊತೆ ಬರೆಯಿರಿ. ಅರ್ಜಿಯ ನಕ್ಷೆಯಲ್ಲಿ ಆ ಬಾವಿ ಇಲ್ಲದಿದ್ದರೆ ಪುಟದ ಸಂಖ್ಯೆ ಕೊಟ್ಟು ಹೇಳಿ. ಅನುಮತಿ ಕೊಡುವ ಮುಂಚೆ ಆ ಬಾವಿಯ ಮತ್ತು ಹಳ್ಳದ ಮೇಲ್ಭಾಗದ ನೀರಿನ ಪರೀಕ್ಷೆ ಆಗಬೇಕೆಂದು ಕೇಳಿ, ವರದಿಯ ಪ್ರತಿ ನಿಮ್ಮ ಬಳಿಯೂ ಇರಲಿ. ನಾಳೆ ನೀರು ಕೆಟ್ಟರೆ ಹೋಲಿಸಲು ಅದೊಂದೇ ದಾಖಲೆ.